ಎಂಟರ್ ಒತ್ತುವ ಮುನ್ನ: ಡೇಟಾಬೇಸ್ ಕಾಯುವವರಿಗೆ ಹನ್ನೊಂದು ಸೂತ್ರ

ರಾಯಚೂರಿನ ಗಂಜಿನಲ್ಲಿ ಯಾವುದೇ ಅಡತಿ ಅಂಗಡಿಗೆ ಹೋಗಿ, ಮಾನ್ವಿಯ ರೈಸ್ ಮಿಲ್ಲಿಗೆ ಹೋಗಿ, ದೇವದುರ್ಗದ ಬೀಜ-ಗೊಬ್ಬರದ ಅಂಗಡಿಗೆ ಹೋಗಿ. ಗಲ್ಲಾದ ಪಕ್ಕ ಒಂದು ಕಂಪ್ಯೂಟರು, ಅದರಲ್ಲೊಂದು ಬಿಲ್ಲಿಂಗ್ ಸಾಫ್ಟ್‌ವೇರ್, ಅದರ ಹಿಂದೆ ಯಾರ ಕಣ್ಣಿಗೂ ಬೀಳದ ಒಂದು ಡೇಟಾಬೇಸ್. ಸಾಫ್ಟ್‌ವೇರ್ ಮಾರಿದವರು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ, ಸೀಸನ್ ಬಂದಾಗ ಅವರ ಫೋನು ಹತ್ತುವುದಿಲ್ಲ. ಆಗ ಸಾಹುಕಾರರು ಹುಡುಕುವುದು ಬಿಸಿಎಯೋ ಡಿಪ್ಲೊಮಾನೋ ಮುಗಿಸಿ ಊರಲ್ಲೇ ಇರುವ, ಕಪ್ಪು ಪರದೆಗೆ ಹೆದರದ ಹುಡುಗ ಅಥವಾ ಹುಡುಗಿಯನ್ನು.

ಮೌಸ್ ಇಲ್ಲದೆ, ಬರೀ ಆಜ್ಞೆ ಟೈಪ್ ಮಾಡಿ ಡೇಟಾಬೇಸ್ ನಡೆಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಮೈಎಸ್‌ಕ್ಯೂಎಲ್‌ಗೆ ಅದರದೇ ‘ಮೈಎಸ್‌ಕ್ಯೂಎಲ್’ ಕ್ಲೈಂಟ್, ಪೋಸ್ಟ್‌ಗ್ರೆಸ್‌ಗೆ ‘ಪಿಎಸ್‌ಕ್ಯೂಎಲ್’, ಎಸ್‌ಕ್ಯೂಲೈಟ್‌ಗೆ ‘ಎಸ್‌ಕ್ಯೂಲೈಟ್3’. ಆಜ್ಞೆಗಳನ್ನು ಕಲಿಯಲು ಒಂದು ತಿಂಗಳು ಸಾಕು. ಆದರೆ ಈ ಸಾಧನಗಳು ‘ಖಂಡಿತಾ ಅಳಿಸಲೇ?’ ಎಂದು ಕೇಳುವುದಿಲ್ಲ, ಹೇಳಿದ್ದನ್ನು ಮಾಡಿ ಮುಗಿಸುತ್ತವೆ. ಬೆರಳು ಓಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಎಂಟರ್ ಮೇಲೆ ಬೆರಳು ತಡೆಯುವವರಿಗೆ ಜನ ಮತ್ತೆ ಕರೆದು ಕೆಲಸ ಕೊಡುತ್ತಾರೆ.

1. ಎಲ್ಲಿ ನಿಂತಿದ್ದೀರಿ ಎಂದು ಮೊದಲು ನೋಡಿ

ಪರೀಕ್ಷೆಗೆ ಇಟ್ಟ ಸರ್ವರ್ ಮತ್ತು ವ್ಯಾಪಾರ ನಡೆಯುವ ಸರ್ವರ್ ಕಪ್ಪು ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ಗಿಟ್‌ಲ್ಯಾಬ್ ಎಂಬ ಜಗತ್ಪ್ರಸಿದ್ಧ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಇಂಜಿನಿಯರ್ ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾ ಫೋಲ್ಡರನ್ನೇ ಅಳಿಸಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಅಷ್ಟು ದೊಡ್ಡವರಿಗೇ ಹೀಗಾದರೆ, ಒಂದೇ ಲ್ಯಾಪ್‌ಟಾಪಿನಲ್ಲಿ ಮೂರು ಅಂಗಡಿಯ ಡೇಟಾಬೇಸ್ ತೆರೆದಿಟ್ಟುಕೊಳ್ಳುವ ನಮ್ಮ ಗತಿ?

ಪರಿಹಾರಕ್ಕೆ ಖರ್ಚಿಲ್ಲ. ಮೈಎಸ್‌ಕ್ಯೂಎಲ್‌ನಲ್ಲೂ ಪಿಎಸ್‌ಕ್ಯೂಎಲ್‌ನಲ್ಲೂ ‘ಪ್ರಾಂಪ್ಟ್’ ಬದಲಾಯಿಸಬಹುದು. ಯಾವ ಬಳಕೆದಾರ, ಯಾವ ಸರ್ವರ್, ಯಾವ ಡೇಟಾಬೇಸ್ ಎಂಬುದು ಪ್ರತಿ ಸಾಲಿನ ಆರಂಭದಲ್ಲೇ ಕಾಣುವಂತೆ ಮಾಡಿ. ಲೈವ್ ಇರುವ ಕಿಟಕಿಯ ಹಿನ್ನೆಲೆ ಕೆಂಪಗಿರಲಿ.

2. ಮೊದಲು ಸೆಲೆಕ್ಟ್, ಆಮೇಲೆ ಅಪ್‌ಡೇಟ್

ಆರ್‌ಎನ್‌ಆರ್ ಭತ್ತದ ದರ ಬದಲಾಗಿದೆ, ಇವತ್ತಿನ ಬಿಲ್ಲುಗಳಲ್ಲಿ ತಿದ್ದಬೇಕು ಎಂದುಕೊಳ್ಳಿ. ಯಾವ ಷರತ್ತು ಹಾಕಿ ಅಪ್‌ಡೇಟ್ ಮಾಡುವವರಿದ್ದೀರೋ ಅದೇ ಷರತ್ತು ಹಾಕಿ ಮೊದಲು ‘ಸೆಲೆಕ್ಟ್ ಕೌಂಟ್’ ನಡೆಸಿ. 42 ಬಿಲ್ಲು ಎಂದಿತೇ? ಸಾಹುಕಾರರನ್ನು ಕೇಳಿ: “ಇವತ್ತು ಆರ್‌ಎನ್‌ಆರ್ ಎಷ್ಟು ಬಿಲ್ಲಾಗ್ಯಾವ್ರಿ?” ಅವರೂ ನಲವತ್ತರ ಆಚೀಚೆ ಹೇಳಿದರೆ ಮುಂದುವರಿಯಿರಿ. ‘ಬಿಗಿನ್’ ಎಂದು ಬರೆದು ಅಪ್‌ಡೇಟ್ ಕೊಡಿ. ಎಷ್ಟು ಸಾಲು ಬದಲಾಯಿತೆಂದು ಪರದೆ ಹೇಳುತ್ತದೆ. 42 ಇದ್ದರೆ ‘ಕಮಿಟ್’, 42,000 ಎಂದರೆ ಉಸಿರು ಬಿಗಿಹಿಡಿದು ‘ರೋಲ್‌ಬ್ಯಾಕ್’.

ಒಂದು ಎಚ್ಚರಿಕೆ. ಟೇಬಲ್ಲಿನ ರಚನೆ ಬದಲಿಸುವ ಆಲ್ಟರ್, ಅಳಿಸುವ ಡ್ರಾಪ್, ಖಾಲಿ ಮಾಡುವ ಟ್ರಂಕೇಟ್‌ಗಳಿಗೆ ಮೈಎಸ್‌ಕ್ಯೂಎಲ್‌ನಲ್ಲಿ ರೋಲ್‌ಬ್ಯಾಕ್ ಇಲ್ಲ. ಅವು ಆ ಕ್ಷಣವೇ ಕಮಿಟ್ ಆಗುತ್ತವೆ, ಜತೆಗೆ ನೀವು ಬಿಗಿನ್ ಮಾಡಿಟ್ಟ ಹಿಂದಿನ ಕೆಲಸವನ್ನೂ ಕಮಿಟ್ ಮಾಡಿಬಿಡುತ್ತವೆ. ಪೋಸ್ಟ್‌ಗ್ರೆಸ್ ಈ ವಿಷಯದಲ್ಲಿ ದಯಾಳು, ಅಲ್ಲಿ ಟೇಬಲ್ ಡ್ರಾಪ್ ಮಾಡಿದ್ದನ್ನೂ ಕಮಿಟ್‌ಗೆ ಮುಂಚೆ ಹಿಂತಿರುಗಿಸಬಹುದು.

ಇನ್ನೊಂದು ಮಜಾ. ಮೈಎಸ್‌ಕ್ಯೂಎಲ್ ಕ್ಲೈಂಟನ್ನು ‘ಸೇಫ್ ಅಪ್‌ಡೇಟ್ಸ್’ ಆಯ್ಕೆಯೊಂದಿಗೆ ತೆರೆದರೆ, ಕೀ ಇರುವ ಷರತ್ತಾಗಲಿ ಲಿಮಿಟ್ ಆಗಲಿ ಇಲ್ಲದ ಅಪ್‌ಡೇಟ್ ಮತ್ತು ಡಿಲೀಟ್‌ಗಳನ್ನು ಅದು ಒಪ್ಪುವುದೇ ಇಲ್ಲ. ಇದೇ ಆಯ್ಕೆಗೆ ಅದನ್ನು ಬರೆದವರು ಇಟ್ಟ ಎರಡನೇ ಹೆಸರು ‘ಐ ಆ್ಯಮ್ ಎ ಡಮ್ಮಿ’. ಆ ಬಿರುದನ್ನು ಸಂತೋಷದಿಂದ ಹೊತ್ತುಕೊಳ್ಳಿ. ಸೆಲೆಕ್ಟ್‌ನಲ್ಲಿ ಒಂದು ಸಾವಿರ ಸಾಲಿಗಿಂತ ಹೆಚ್ಚು ಬರದಂತೆಯೂ ಅದು ತಡೆಯುತ್ತದೆ, ದೊಡ್ಡ ವರದಿ ತೆಗೆಯುವಾಗ ನೆನಪಿರಲಿ.

3. ಹೆಸರನ್ನು ನಂಬಿ ಕೂಡಬೇಡಿ

ಗುರುಗುಂಟಾ ಅಮರೇಶ್ವರನ ಕೃಪೆಯಿಂದ ಈ ಜಿಲ್ಲೆಯಲ್ಲಿ ಅಮರೇಶರಿಗೆ ಬರವಿಲ್ಲ. ಒಂದೇ ಹಳ್ಳಿಯಲ್ಲಿ ತಂದೆಯ ಹೆಸರೂ ಒಂದೇ ಆಗಿರುವ ಇಬ್ಬರು ಬಸವರಾಜರು ಸಿಗುತ್ತಾರೆ. ಹೆಸರು ನೋಡಿ ಎರಡು ಖಾತೆಯನ್ನು ಒಂದು ಮಾಡಿದರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ.

ರೈತರಿಗೆ ರಾಜ್ಯ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶ ಕೊಟ್ಟಿರುವ ಎಫ್‌ಐಡಿ ಸಂಖ್ಯೆ ಇದೆ, ಬೆಂಬಲ ಬೆಲೆಗೆ ಮಾಲು ಕೊಡುವವರಿಗೆಲ್ಲ ಅದು ಗೊತ್ತು. ಗ್ರಾಹಕರ ಟೇಬಲ್ಲಿನಲ್ಲಿ ಅದಕ್ಕೊಂದು ಕಾಲಂ ಇರಲಿ, ಅದಕ್ಕೆ ‘ಯುನೀಕ್’ ಕಟ್ಟುಪಾಡೂ ಇರಲಿ. ಆದರೆ ಅದನ್ನೇ ಪ್ರೈಮರಿ ಕೀ ಮಾಡಬೇಡಿ. ಲೀಜಿಗೆ ಹೊಲ ಮಾಡುವವರು ಈ ಸೀಮೆಯಲ್ಲಿ ಬಹಳ. ಉಳುವವರೊಬ್ಬರು, ಪಹಣಿಯಲ್ಲಿರುವವರು ಇನ್ನೊಬ್ಬರು. ಸ್ವಂತ ಹೊಲವಿಲ್ಲದೆ ಎಫ್‌ಐಡಿ ಮಾಡಿಸದವರೂ ನಿಮ್ಮ ಅಂಗಡಿಯ ಗ್ರಾಹಕರೇ. ನಿಮ್ಮದೇ ಕ್ರಮಸಂಖ್ಯೆ ಪ್ರೈಮರಿ ಕೀ ಆಗಿರಲಿ, ಎಫ್‌ಐಡಿ ಇಲ್ಲದವರಿಗೆ ಆ ಜಾಗ ‘ನಲ್’ ಇರಲಿ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಯುನೀಕ್ ಕಾಲಮಿನಲ್ಲಿ ಎಷ್ಟು ನಲ್ ಇದ್ದರೂ ತಕರಾರಿಲ್ಲ. ಖಾಲಿ ಬಿಡಲಾಗದೆ ಸೊನ್ನೆ ತುಂಬಿಸುವ ಆಪರೇಟರುಗಳಿದ್ದಾರೆ. ಎರಡನೇ ಸೊನ್ನೆಗೇ ಯುನೀಕ್ ಜಗಳ ತೆಗೆಯುತ್ತದೆ, ತೆಗೆಯಲಿ.

4. ತಾಲ್ಲೂಕು ಸ್ಥಿರವೆಂದುಕೊಳ್ಳಬೇಡಿ

2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಸಿರವಾರ ಮತ್ತು ಮಸ್ಕಿಯೂ ಇದ್ದವು. ಅಲ್ಲಿಯವರೆಗೆ ಸಿರವಾರ ಇದ್ದದ್ದು ಮಾನ್ವಿ ತಾಲ್ಲೂಕಿನಲ್ಲಿ. ಅದಕ್ಕೂ ಹಿಂದೆ, 1997ರಲ್ಲಿ, ರಾಯಚೂರು ಜಿಲ್ಲೆಯಿಂದ ಕೊಪ್ಪಳವೇ ಬೇರೆಯಾಗಿತ್ತು. ಪ್ರತಿ ಗ್ರಾಹಕರ ಸಾಲಿನಲ್ಲೂ ತಾಲ್ಲೂಕಿನ ಹೆಸರು ಟೈಪ್ ಮಾಡಿಟ್ಟವರು ಇಂಥ ಬದಲಾವಣೆ ಬಂದಾಗ ಸಾವಿರಾರು ಸಾಲು ತಿದ್ದಬೇಕು. ಹಳ್ಳಿಗಳಿಗೊಂದು ಪ್ರತ್ಯೇಕ ಟೇಬಲ್ ಇಟ್ಟು, ಗ್ರಾಹಕರ ಸಾಲಿನಲ್ಲಿ ಹಳ್ಳಿಯ ಕೋಡ್ ಮಾತ್ರ ಬರೆದವರು ಹಳ್ಳಿಗೊಂದು ಸಾಲು ತಿದ್ದಿ ಮನೆಗೆ ಹೋಗಬಹುದು.

ಕೋಡ್ ಬೇಕೆನ್ನಲು ಇನ್ನೊಂದು ಕಾರಣ ಕಣ್ಣೆದುರೇ ಇದೆ. ಬಸ್ಸಿನ ಬೋರ್ಡಿನಲ್ಲಿ ಮಾನ್ವಿ, ಕಾಗದದಲ್ಲಿ ಮಾನವಿ, ಇಂಗ್ಲಿಷಿನಲ್ಲಿ ಬರೆದರೆ ಮತ್ತೂ ಎರಡು ಬಗೆ. ‘ಗ್ರೂಪ್ ಬೈ’ ಮಾಡಿದಾಗ ಒಂದೇ ಊರು ನಾಲ್ಕಾಗಿ ಬರುವುದು ಹೀಗೆ.

5. ಕನ್ನಡವನ್ನು ಕನ್ನಡವಾಗಿಯೇ ಇಡಿ

ಇಲ್ಲಿ ಸ್ವಲ್ಪ ನಿಲ್ಲೋಣ. ಹೊರಗಿನ ಊರಿನ ಪಂಡಿತರು ಬಂದು ಸೋಲುವುದು ಇಲ್ಲೇ, ನಮ್ಮವರು ಗೆಲ್ಲಬಹುದಾದ್ದೂ ಇಲ್ಲೇ.

ಹಳೆಯ ಡೇಟಾಬೇಸ್ ತೆರೆದಾಗ ರೈತರ ಹೆಸರಿನ ಕಾಲಮಿನಲ್ಲಿ ತಲೆ ಮೇಲೆ ಗೀಟು, ಚುಕ್ಕೆ, ಟೋಪಿ ಇಟ್ಟುಕೊಂಡ ರೋಮನ್ ಅಕ್ಷರಗಳ ಸಂತೆ ಕಂಡರೆ ‘ಡೇಟಾ ಕೆಟ್ಟೈತಿ’ ಎಂದು ಅಳಿಸಬೇಡಿ. ಅದು ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪಾದ ಕನ್ನಡ. ಯುನಿಕೋಡ್ ಬಳಕೆಗೆ ಬರುವ ಮುಂಚೆ ಅಕ್ಷರದ ತುಣುಕುಗಳನ್ನು ರೋಮನ್ ಸಂಕೇತಗಳ ಜಾಗದಲ್ಲಿ ಕೂರಿಸುತ್ತಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಮೂಲ ಕಾಲಂ ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸ ಕಾಲಂ ಮಾಡಿ ಪರಿವರ್ತಿಸಿ, ಒತ್ತಕ್ಷರ ಇರುವ ಹೆಸರುಗಳನ್ನು ಕಣ್ಣಿಂದ ಓದಿ ನೋಡಿ.

ಆಮೇಲೆ ಅಳತೆ. ‘ರಾಯಚೂರು’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಡೇಟಾಬೇಸಿಗೆ ಅದು ಏಳು, ಏಕೆಂದರೆ ದೀರ್ಘ, ಕೊಂಬುಗಳನ್ನು ಅದು ಬೇರೆಬೇರೆಯಾಗಿ ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಹಾಗಾಗಿ ಒಟ್ಟು 21 ಬೈಟ್. ಮೈಎಸ್‌ಕ್ಯೂಎಲ್‌ನಲ್ಲಿ ‘ಕ್ಯಾರ್ ಲೆಂಗ್ತ್’ ಕೇಳಿದರೆ 7 ಎನ್ನುತ್ತದೆ, ‘ಲೆಂಗ್ತ್’ ಕೇಳಿದರೆ 21 ಎನ್ನುತ್ತದೆ. ಹೆಸರಿನ ಕಾಲಮಿಗೆ 20 ಕೊಟ್ಟು ಉಳಿತಾಯ ಮಾಡಿದರೆ ಅಪ್ಪನ ಹೆಸರಿನ ಬಾಲಕ್ಕೆ ಜಾಗ ಸಿಗುವುದಿಲ್ಲ. ಕ್ಯಾರೆಕ್ಟರ್ ಸೆಟ್ ‘ಯುಟಿಎಫ್8ಎಂಬಿ4’ ಇರಲಿ. ಮೈಎಸ್‌ಕ್ಯೂಎಲ್ 8.0ರಿಂದ ಅದೇ ಮಾಮೂಲು, ಹಳೆಯ ಆವೃತ್ತಿಗಳಲ್ಲಿ ‘ಲ್ಯಾಟಿನ್1’ ಅಡಗಿ ಕೂತಿರುತ್ತದೆ. ಟೇಬಲ್ ಸರಿಯಿದ್ದು ಕನೆಕ್ಷನ್ ಮಾತ್ರ ಲ್ಯಾಟಿನ್ ಇದ್ದರೂ ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬೀಳುತ್ತದೆ. ಹಾಗೆ ಒಮ್ಮೆ ಸೇವ್ ಆದ ಪ್ರಶ್ನಾರ್ಥಕದಿಂದ ಹೆಸರನ್ನು ವಾಪಸ್ ಪಡೆಯಲು ದಾರಿಯಿಲ್ಲ.

ಇನ್ನು ಕಣ್ಣಿಗೆ ಕಾಣದ ಕಾಟ. ‘ದೇವದುರ್ಗ’ದ ಮೊದಲ ಅಕ್ಷರವನ್ನೇ ಹಿಡಿಯಿರಿ. ಆ ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡು ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯವಾಗಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. 13ನೇ ಆವೃತ್ತಿಯಿಂದ ಅದರಲ್ಲಿ ‘ನಾರ್ಮಲೈಜ್’ ಎಂಬ ಫಂಕ್ಷನ್ ಬಂದಿದೆ, ಡೇಟಾ ಒಳಗೆ ಬರುವಾಗಲೇ ಅದರ ಮೂಲಕ ಹಾಯಿಸಿ. ‘ಮೆಹಬೂಬ್‌ಸಾಬ್’ನಂಥ ಹೆಸರುಗಳಲ್ಲಿ ಬ್ ಮತ್ತು ಸಾ ಅಂಟಿಕೊಳ್ಳದಂತೆ ನಡುವೆ ಶೂನ್ಯ ಅಗಲದ ಸಂಕೇತವೊಂದು ಇರುತ್ತದೆ. ಒಬ್ಬ ಆಪರೇಟರ್ ಅದನ್ನು ಹಾಕುತ್ತಾರೆ, ಇನ್ನೊಬ್ಬರು ಸ್ಪೇಸ್ ಕೊಡುತ್ತಾರೆ. ಹುಡುಕಲೆಂದೇ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಇವನ್ನೆಲ್ಲ ತೆಗೆದ ರೂಪ ಇಡುವುದು ಒಳ್ಳೆಯದು. ಮೂಲ ಹೆಸರನ್ನು ಮುಟ್ಟಬೇಡಿ, ಬಿಲ್ಲಿನ ಮೇಲೆ ಅವರ ಹೆಸರು ಅವರು ಬರೆಯುವ ಹಾಗೆಯೇ ಬರಬೇಕು.

ಕಪ್ಪು ಪರದೆಯಲ್ಲಿ ಕನ್ನಡದ ಕಾಲಂಗಳು ಸೊಟ್ಟಗೆ ಕಾಣುವುದು ಟರ್ಮಿನಲ್ಲಿನ ದೋಷ, ಡೇಟಾದ್ದಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಕ್ವೆರಿಯ ಕೊನೆಗೆ ಸೆಮಿಕೋಲನ್ ಬದಲು ಬ್ಯಾಕ್‌ಸ್ಲ್ಯಾಶ್ ಮತ್ತು ದೊಡ್ಡ ‘ಜಿ’ ಹಾಕಿ, ಪಿಎಸ್‌ಕ್ಯೂಎಲ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ‘ಎಕ್ಸ್’ ಕೊಡಿ. ಸಾಲುಗಳು ಉದ್ದಕ್ಕೆ ಇಳಿದು ಓದಲು ಸರಿಯಾಗುತ್ತವೆ.

6. ಎಕ್ಸೆಲ್ ಕಳಿಸಿದ್ದನ್ನು ಪರೀಕ್ಷಿಸದೆ ಒಳಗೆ ಬಿಡಬೇಡಿ

ಸರ್ವೆ ನಂಬರ್ 12/3. ಎಕ್ಸೆಲ್ಲಿನಲ್ಲಿ ಟೈಪ್ ಮಾಡಿ ನೋಡಿ, ಅದು ಮಾರ್ಚ್ 12 ಅಥವಾ ಡಿಸೆಂಬರ್ 3 ಆಗಿ ಕೂರುತ್ತದೆ. ತಾರೀಖಾಗಲಾರದಷ್ಟು ದೊಡ್ಡ ನಂಬರಿದ್ದರೆ ಬಚಾವಾಗುತ್ತದೆ, ಚಿಕ್ಕದಿದ್ದರೆ ಹೊಲ ಹೋಗಿ ತಾರೀಖು ಬರುತ್ತದೆ. ಉದ್ದದ ಬ್ಯಾಂಕ್ ಖಾತೆ ಸಂಖ್ಯೆಗಳ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ, ಮೊದಲಿನ ಸೊನ್ನೆಗಳು ಮಾಯವಾಗುತ್ತವೆ.

ಸಿಎಸ್‌ವಿ ಫೈಲನ್ನು ನೇರವಾಗಿ ಅಸಲಿ ಟೇಬಲ್ಲಿಗೆ ಹಾಕದೆ, ಎಲ್ಲ ಕಾಲಮೂ ಬರೀ ಟೆಕ್ಸ್ಟ್ ಇರುವ ತಾತ್ಕಾಲಿಕ ಟೇಬಲ್ಲಿಗೆ ತನ್ನಿ. ಅಲ್ಲಿ ಸಾಲು ಎಣಿಸಿ, ಹತ್ತು ಅಂಕಿಯಿಲ್ಲದ ಮೊಬೈಲ್ ನಂಬರುಗಳನ್ನು ಹುಡುಕಿ, ಕನ್ನಡ ಅಂಕಿಯಲ್ಲಿ ಬರೆದದ್ದಿದ್ದರೆ ಬದಲಿಸಿ, ಆಮೇಲೆ ಮುಂದಕ್ಕೆ ಸಾಗಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ‘ಕಾಪಿ’ ಆಜ್ಞೆ ಫೈಲನ್ನು ಸರ್ವರಿನಲ್ಲಿ ಹುಡುಕುತ್ತದೆ, ಮುಂದೆ ಬ್ಯಾಕ್‌ಸ್ಲ್ಯಾಶ್ ಇರುವ ‘ಕಾಪಿ’ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತದೆ. ‘ಫೈಲ್ ಸಿಗವಲ್ದು’ ಎಂಬ ಗೋಳಿಗೆ ಮುಕ್ಕಾಲು ಪಾಲು ಕಾರಣ ಇದು.

7. ನಿಯಮವನ್ನು ಡೇಟಾಬೇಸಿನೊಳಗೇ ಬರೆಯಿರಿ

ಈ ಸೀಮೆಯಲ್ಲಿ ಭತ್ತದ ಮಾತು 75 ಕೆಜಿ ಚೀಲದ ಲೆಕ್ಕದಲ್ಲಿ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲ್ ಲೆಕ್ಕದಲ್ಲಿ. ಕಾಲಮಿಗೆ ಬರೀ ‘ದರ’ ಎಂದು ಹೆಸರಿಟ್ಟರೆ ಯಾರೋ ಒಬ್ಬರು ಚೀಲದ ದರ ಹಾಕುತ್ತಾರೆ, ಇನ್ನೊಬ್ಬರು ಕ್ವಿಂಟಾಲಿನ ದರ. ತೂಕವೆಲ್ಲ ಕೆಜಿಯಲ್ಲಿ ಇರಲಿ, ಕಾಲಮಿನ ಹೆಸರಿನಲ್ಲೇ ಕೆಜಿ ಎಂದಿರಲಿ. ತೂಕ ಸೊನ್ನೆಗಿಂತ ಹೆಚ್ಚಿರಬೇಕು, ಗಾಡಿಯ ಖಾಲಿ ತೂಕ ತುಂಬಿದ ತೂಕಕ್ಕಿಂತ ಕಡಿಮೆಯಿರಬೇಕು ಎಂಬುದನ್ನು ‘ಚೆಕ್’ ಕಟ್ಟುಪಾಡಾಗಿ ಬರೆಯಿರಿ. ಮೈಎಸ್‌ಕ್ಯೂಎಲ್ ಅದನ್ನು ನಿಜವಾಗಿ ಪಾಲಿಸತೊಡಗಿದ್ದು 8.0.16ರಿಂದ. ಹಳೆಯದರಲ್ಲಿ ಬರೆದರೆ ಓದಿ ಸುಮ್ಮನಾಗುತ್ತದೆ.

ನಿಯಮ ಯಂತ್ರದೊಳಗಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ‘ಭೂಮಿ’ ಯೋಜನೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, 2000-01ರ ಸುಮಾರಿಗೆ, ಸುಮಾರು 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿದ್ದು ಎಲ್ಲರಿಗೂ ನೆನಪಿದೆ. ಅದಕ್ಕಿಂತ ಜಾಣತನದ ಕೆಲಸ ಒಳಗಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶವೇ ಕಟ್ಟುಹಾಕಿತು, ತಿದ್ದಿದವರ ಬೆರಳಚ್ಚೂ ಬೇಕಾಯಿತು. ‘ಇವರದು ಮೊದಲು ಮಾಡ್ರಿ’ ಎಂದು ಯಾರು ಹೇಳಿದರೂ ಯಂತ್ರ ಕೇಳಲಿಲ್ಲ. ನಿಮ್ಮ ಸೊಸೈಟಿಯ ಸಾಲದ ಅರ್ಜಿಗಳಿಗೂ ಇಂಥದೊಂದು ಸಾಲು ಸಾಕು.

8. ಕರೆಂಟು ಹೋಗುತ್ತದೆ ಎಂದೇ ಲೆಕ್ಕ ಹಾಕಿ

ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ ಎಂಟು ಘಟಕ, 1,720 ಮೆಗಾವಾಟ್. ಯರಮರಸಿನಲ್ಲಿ ಇನ್ನೆರಡು, ತಲಾ 800. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಹುಟ್ಟಿದ್ದು ಇಲ್ಲಿಯೇ ಇರಬೇಕು ಎಂದು ಹಳ್ಳಿಯವರು ನಗುತ್ತಾರೆ.

ಕಮಿಟ್ ಆದದ್ದನ್ನು ಒಳ್ಳೆಯ ಡೇಟಾಬೇಸ್ ಕರೆಂಟು ಹೋದರೂ ಉಳಿಸಿಕೊಳ್ಳುತ್ತದೆ. ತೊಂದರೆ ಅರ್ಧದಲ್ಲಿದ್ದ ಕೆಲಸಕ್ಕೆ. ದೂರದ ಸರ್ವರಿಗೆ ಕನೆಕ್ಟ್ ಆದಾಗ ‘ಟಿಮಕ್ಸ್’ ಅಥವಾ ‘ಸ್ಕ್ರೀನ್’ ಒಳಗೆ ಕೆಲಸ ಮಾಡಿ. ದೇವದುರ್ಗದಲ್ಲಿ ನೆಟ್ ಹೋದರೂ ಆ ಕಡೆ ಕ್ವೆರಿ ನಡೆಯುತ್ತಿರುತ್ತದೆ, ನೆಟ್ ಬಂದಮೇಲೆ ಬಿಟ್ಟಲ್ಲಿಂದ ಹಿಡಿಯಬಹುದು. ಲಕ್ಷ ಸಾಲು ಅಳಿಸುವುದಿದ್ದರೆ ಐದೈದು ಸಾವಿರದಂತೆ ತುಂಡು ಮಾಡಿ ಕಮಿಟ್ ಮಾಡುತ್ತ ಹೋಗಿ.

9. ವಾಪಸ್ ತಂದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ

ಗಿಟ್‌ಲ್ಯಾಬ್ ಕತೆಯ ಉಳಿದರ್ಧ ಇದು. ಅವರಲ್ಲಿ ಬ್ಯಾಕಪ್ಪಿನ ಹಲವು ವ್ಯವಸ್ಥೆ ಇದ್ದವು, ಹೊತ್ತಿಗೆ ಒದಗಿದ್ದು ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ನಕಲು. ‘ಪಿಜಿಡಂಪ್’ ಆವೃತ್ತಿಗೂ ಸರ್ವರಿನ ಆವೃತ್ತಿಗೂ ಹೊಂದದೆ ಬ್ಯಾಕಪ್ ಸೋಲುತ್ತಿತ್ತು, ಯಾರ ಗಮನಕ್ಕೂ ಬಂದಿರಲಿಲ್ಲ.

ನಡೆಯುತ್ತಿರುವ ಡೇಟಾಬೇಸಿನ ಫೈಲನ್ನು ಪೆನ್‌ಡ್ರೈವಿಗೆ ಎಳೆದು ಹಾಕುವುದು ಬ್ಯಾಕಪ್ ಅಲ್ಲ. ಎಸ್‌ಕ್ಯೂಲೈಟ್‌ನಲ್ಲಿ ‘ಡಾಟ್ ಬ್ಯಾಕಪ್’ ಕೊಡಿ. ‘ಮೈಎಸ್‌ಕ್ಯೂಎಲ್‌ಡಂಪ್’ಗೆ ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಸೇರಿಸಿ, ಆಗ ಇನ್ನೋಡಿಬಿ ಟೇಬಲ್ಲುಗಳಲ್ಲಿ ಬಿಲ್ಲಿಂಗ್ ನಿಲ್ಲದೆಯೇ ಒಂದು ಕ್ಷಣದ ಸರಿಯಾದ ಚಿತ್ರ ಸಿಗುತ್ತದೆ. ಕ್ರಾನ್‌ನಲ್ಲಿ ರಾತ್ರಿಗೆ ಹೊಂದಿಸಿ. ತಿಂಗಳಿಗೊಮ್ಮೆ ಆ ಫೈಲನ್ನು ಬೇರೆ ಖಾಲಿ ಡೇಟಾಬೇಸಿಗೆ ತಂದು, ನಿನ್ನೆಯ ಕೊನೆಯ ಬಿಲ್ ನಂಬರ್ ಇದೆಯೇ ನೋಡಿ. ಒಂದು ಪ್ರತಿ ಊರಾಚೆ ಇರಲಿ. 2009ರ ಅಕ್ಟೋಬರಿನ ನೆರೆಯನ್ನು ಕಂಡ ಜಿಲ್ಲೆಗೆ ಇದನ್ನು ವಿವರಿಸಬೇಕಿಲ್ಲ.

10. ಪಾಸ್‌ವರ್ಡ್, ಆಧಾರ್, ಬಾಯಿ

ಮೂರನ್ನೂ ಬಿಗಿ ಹಿಡಿಯಿರಿ. ಆಜ್ಞೆಯ ಸಾಲಿನಲ್ಲೇ ಪಾಸ್‌ವರ್ಡ್ ಬರೆದರೆ ಅದು ಹಿಸ್ಟರಿ ಫೈಲಿನಲ್ಲಿ ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ಗೆ ‘ಪಿಜಿಪಾಸ್’ ಫೈಲ್, ಮೈಎಸ್‌ಕ್ಯೂಎಲ್‌ಗೆ ‘ಲಾಗಿನ್ ಪಾತ್’ ಇವೆ. ವರದಿ ನೋಡಲಷ್ಟೇ ಬರುವವರಿಗೆ ಸೆಲೆಕ್ಟ್ ಹಕ್ಕು ಮಾತ್ರ ಇರುವ ಬೇರೆ ಯೂಸರ್ ಮಾಡಿ. ಬೇಡದ ಆಧಾರ್ ಸಂಖ್ಯೆ ಕೂಡಿಡಬೇಡಿ, 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆಯೇ ಬಂದಿದೆ. ಇನ್ನು ಬಾಯಿ: ಒಬ್ಬ ಅಡತಿಯವರ ಉದ್ರಿ ಪಟ್ಟಿಯ ಮಾತು ಇನ್ನೊಬ್ಬರ ಅಂಗಡಿಯಲ್ಲಿ ಚಹಾ ಕುಡಿಯುವಾಗ ಬಂದರೆ, ಗಂಜಿನಲ್ಲಿ ನಿಮ್ಮ ಕೆಲಸ ಆವತ್ತಿಗೇ ಮುಗಿಯಿತು.

11. ಸೀಸನ್ ನೋಡಿ ಸುತ್ತಿಗೆ ಎತ್ತಿ

ಮೊಬೈಲ್ ನಂಬರಿನಿಂದ ಹುಡುಕಲು ಅರ್ಧ ನಿಮಿಷ ಆಗುತ್ತಿದ್ದರೆ ‘ಎಕ್ಸ್‌ಪ್ಲೇನ್’ ಕೊಟ್ಟು ನೋಡಿ, ಇಡೀ ಟೇಬಲ್ ಓದುತ್ತಿದ್ದರೆ ಒಂದು ಇಂಡೆಕ್ಸ್ ಕಟ್ಟಿ. ಆದರೆ ಯಾವಾಗ? ದೊಡ್ಡ ಟೇಬಲ್ಲಿನ ಮೇಲೆ ಆಲ್ಟರ್ ನಡೆಯುವಾಗ ಬಿಲ್ಲಿಂಗ್ ನಿಂತುಹೋಗಬಹುದು. ಹತ್ತಿ ಗಂಜಿಗೆ ಬರತೊಡಗುವುದು ಅಕ್ಟೋಬರಿನ ಸುಮಾರಿಗೆ, ಮುಂಗಾರಿನ ಭತ್ತ ನವೆಂಬರ್-ಡಿಸೆಂಬರಿಗೆ. ಆ ದಿನಗಳಲ್ಲಿ ಟೇಬಲ್ ಮುಟ್ಟಬೇಡಿ. ಬೀಜ-ಗೊಬ್ಬರದವರ ನೂಕುನುಗ್ಗಲು ಜೂನ್-ಜುಲೈನಲ್ಲಿ, ಅವರ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಡಿ. ಎರಡೂ ವ್ಯಾಪಾರ ಇಟ್ಟುಕೊಂಡ ಸಾಹುಕಾರರಿದ್ದರೆ ಆಗಸ್ಟ್ ಕೊನೆಯ ಭಾನುವಾರ ಕೇಳಿ ಪಡೆಯಿರಿ. ಬೆಳಿಗ್ಗೆ ಬ್ಯಾಕಪ್ ತೆಗೆದು ಬೇರೆ ಕಡೆ ತೆರೆದು ನೋಡುವುದು, ಮಧ್ಯಾಹ್ನ ಆಲ್ಟರ್, ಸಂಜೆ ನಾಲ್ಕಾರು ಸುಳ್ಳು ಬಿಲ್ಲು ಹರಿದು ಪರೀಕ್ಷೆ, ಆಮೇಲೆ ಅವನ್ನು ಅಳಿಸುವುದು. ಕೊಟ್ಟ ಆಜ್ಞೆಗಳನ್ನೆಲ್ಲ ತಾರೀಖು ಹಾಕಿ ಒಂದು ಫೈಲಿನಲ್ಲಿಡಿ. ಸೋಮವಾರ ಬೆಳಿಗ್ಗೆ ಮೊದಲ ಗಾಡಿ ಕಾಟಾ ಮೇಲೆ ಹತ್ತುವಾಗ ನೀವು ಅಲ್ಲೇ ಇರಿ.